ವೃಷಣದ ನೋವು: ನಾಚಿಕೆ ಬೇಡ, ತಡವೂ ಬೇಡ



ಈ ಅಂಕಣದಲ್ಲಿ ಕಡಲೆಕಾಯಿಯ ರೋಗ, ಹಿಪ್ಪುನೇರಳೆ ಸೊಪ್ಪು, ಕುರಿಮರಿಗಳ ಭೇದಿ, ಮನೆಯವರ ಜ್ವರ ಎಂದು ಹಲವು ವಿಷಯಗಳನ್ನು ನಾವು ಮಾತನಾಡುತ್ತೇವೆ. ಈ ಸಲ ಎತ್ತಿಕೊಂಡಿರುವ ವಿಷಯವನ್ನು ಅಪ್ಪ ಮಗನ ಹತ್ತಿರ ಮಾತನಾಡುವುದಿಲ್ಲ, ಮಗ ಅಮ್ಮನ ಹತ್ತಿರ ಹೇಳುವುದಿಲ್ಲ, ಗಂಡಸರು ವೈದ್ಯರ ಎದುರೂ ಬಾಯಿ ಬಿಡುವುದಿಲ್ಲ. ಅದು ವೃಷಣಗಳ ನೋವು. ಹಳ್ಳಿಯ ಮಾತಿನಲ್ಲಿ ಬೀಜದ ನೋವು. ಇದನ್ನು ಬರೆಯಲು ನಮಗೂ ಸ್ವಲ್ಪ ಸಂಕೋಚವಿತ್ತು. ಆದರೆ ಈ ನೋವುಗಳಲ್ಲಿ ಒಂದು ಬಗೆಗೆ ಕೇವಲ 6 ಗಂಟೆಯ ಗಡುವು ಇದೆ. ಸಂಕೋಚದಲ್ಲಿ ಆ 6 ಗಂಟೆ ಕಳೆದುಹೋದರೆ ಅಂಗವೇ ಹೋಗುತ್ತದೆ. ಆದ್ದರಿಂದ ತಾಯಂದಿರೂ ಸೇರಿ ಮನೆಯವರೆಲ್ಲರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಅಂಗದ ಪರಿಚಯ

ವೃಷಣಗಳು ಎರಡು. ಗಂಡಸುತನದ ಹಾರ್ಮೋನು ಮತ್ತು ವೀರ್ಯಾಣುಗಳು ತಯಾರಾಗುವುದು ಇಲ್ಲಿಯೇ. ವೀರ್ಯಾಣು ಸರಿಯಾಗಿ ಬೆಳೆಯಲು ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು. ಅದಕ್ಕಾಗಿಯೇ ಅವು ಹೊಟ್ಟೆಯೊಳಗಿರದೆ ಹೊರಗೆ ಚರ್ಮದ ಚೀಲದಲ್ಲಿವೆ. ಒಂದು ಇನ್ನೊಂದಕ್ಕಿಂತ, ಸಾಮಾನ್ಯವಾಗಿ ಎಡಗಡೆಯದು, ಸ್ವಲ್ಪ ಕೆಳಗಿರುವುದು ಸಹಜ. ಅದು ರೋಗವಲ್ಲ.

ಪ್ರತಿಯೊಂದು ವೃಷಣವೂ ಒಂದು ಹುರಿಯಿಂದ ಮೇಲಿನಿಂದ ತೂಗುಬಿದ್ದಿದೆ. ರಕ್ತನಾಳಗಳು, ನರಗಳು, ವೀರ್ಯನಾಳ ಎಲ್ಲವೂ ಆ ಹುರಿಯೊಳಗೇ ಬರುತ್ತವೆ. ವೃಷಣದ ಹಿಂಬದಿಗೆ ಅಂಟಿಕೊಂಡು ಸುರುಳಿಯಾದ ಒಂದು ನಾಳವಿದೆ. ಮುಟ್ಟಿದರೆ ಮೆತ್ತನೆಯ ಎಳೆಯಂತೆ ಕೈಗೆ ಸಿಗುತ್ತದೆ. ಇದನ್ನು ಗಂಟೆಂದು ತಿಳಿದು ಹೆದರಬೇಕಾಗಿಲ್ಲ.

ಹುರಿ ತಿರುಚಿಕೊಳ್ಳುವುದು: ಎಲ್ಲಕ್ಕಿಂತ ಅಪಾಯದ ನೋವು

ಹೋರಿಗೆ ಬೀಜ ಒಡೆಸುವುದನ್ನು ರೈತರ ಮನೆಯವರೆಲ್ಲ ನೋಡಿದ್ದೇವೆ. ಪಶುವೈದ್ಯರು ದೊಡ್ಡ ಇಕ್ಕಳದಂಥ ಸಾಧನದಿಂದ, ಚರ್ಮ ಹರಿಯದಂತೆ, ಚೀಲದ ಮೇಲ್ಗಡೆ ಒಳಗಿನ ಹುರಿಯನ್ನು ಬಲವಾಗಿ ಅದುಮುತ್ತಾರೆ. ಗಾಯವಿಲ್ಲ, ರಕ್ತವಿಲ್ಲ. ಆದರೆ ರಕ್ತದ ಹರಿವು ನಿಂತದ್ದರಿಂದ ಕೆಲವು ವಾರಗಳಲ್ಲಿ ಬೀಜ ಕುಗ್ಗಿ ಒಣಗಿಹೋಗುತ್ತದೆ.

ಮನುಷ್ಯರಲ್ಲಿ ಕೆಲವೊಮ್ಮೆ ಇದು ತಾನಾಗಿಯೇ ನಡೆಯುತ್ತದೆ. ಕೆಲವು ಹುಡುಗರಲ್ಲಿ ಹುಟ್ಟಿನಿಂದಲೇ ವೃಷಣ ಚೀಲದ ಒಳಗೋಡೆಗೆ ಸರಿಯಾಗಿ ಅಂಟಿರುವುದಿಲ್ಲ, ಗಂಟೆಯ ನಾಲಿಗೆಯಂತೆ ತೂಗಾಡುತ್ತಿರುತ್ತದೆ. ಅದು ಒಂದು ಸುತ್ತು ಎರಡು ಸುತ್ತು ತಿರುಗಿದರೆ ಹುರಿ ಹೊಸೆದುಕೊಂಡು ರಕ್ತ ನಿಂತುಹೋಗುತ್ತದೆ. ಆಗ ಹಠಾತ್ತನೆ ಭಾರಿ ನೋವು ಬರುತ್ತದೆ. ಇದು ಯಾವ ವಯಸ್ಸಿನಲ್ಲಾದರೂ ಆಗಬಹುದು, ಆದರೆ ಹೆಚ್ಚಾಗಿ ಕಾಣುವುದು 12ರಿಂದ 18 ವರ್ಷದ ಹುಡುಗರಲ್ಲಿ. ಆಟವಾಡುವಾಗ, ಪೆಟ್ಟು ಬಿದ್ದಾಗ ಆಗಬಹುದು. ಏನೂ ಮಾಡದೆ ಮಲಗಿದ್ದಾಗಲೂ ಆಗಬಹುದು. ನಡುರಾತ್ರಿ ಅಥವಾ ಬೆಳಗಿನ ಜಾವ ನೋವಿನಿಂದ ಹುಡುಗ ಎದ್ದು ಕೂರುವುದು ಇದರ ಒಂದು ರೀತಿ.

ಗುರುತುಗಳು ಇವು:

1. ನೋವು ಒಂದೇ ಕಡೆ, ಇದ್ದಕ್ಕಿದ್ದಂತೆ, ಸಹಿಸಲಾಗದಷ್ಟು.
2. ವಾಕರಿಕೆ ಅಥವಾ ವಾಂತಿ.
3. ನೋವಿರುವ ವೃಷಣ ಮೇಲಕ್ಕೆ ಸರಿದಿರುವುದು ಅಥವಾ ಅಡ್ಡಲಾಗಿರುವುದು.
4. ಸ್ವಲ್ಪ ಹೊತ್ತಿನಲ್ಲಿ ಚೀಲ ಊದಿ ಕೆಂಪಾಗುವುದು.
5. ಕೆಲವು ಹುಡುಗರು ಹೊಟ್ಟೆಯ ಕೆಳಭಾಗ ನೋಯುತ್ತದೆ ಎಂದಷ್ಟೇ ಹೇಳುವುದು.

ಈ ಐದನೆಯದನ್ನು ತಾಯಂದಿರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೋವು ಹೊಟ್ಟೆಗೂ ಹರಡುವುದು ನಿಜ. ಆದರೆ ಹುಡುಗ ನಾಚಿಕೆಯಿಂದಲೂ ಹೊಟ್ಟೆಯ ಹೆಸರು ಹೇಳುತ್ತಾನೆ. ಬೆಳೆದ ಹುಡುಗ ವಾಂತಿ ಮಾಡಿಕೊಂಡು ಕೆಳಹೊಟ್ಟೆ ನೋವೆಂದು ಮುದುಡಿ ಮಲಗಿದರೆ, “ಕೆಳಗೂ ನೋಯುತ್ತದೇನಪ್ಪಾ?” ಎಂದು ನೇರವಾಗಿ ಕೇಳಿಬಿಡಿ. ತಾಯಿಗೆ ಕೇಳಲಾಗದಿದ್ದರೆ ತಂದೆಯೋ ಅಜ್ಜನೋ ಕೇಳಲಿ.

6 ಗಂಟೆ ಹೇಗೆ ಕಳೆದುಹೋಗುತ್ತದೆ

ನೋವು ಶುರುವಾದ 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ತಿರುಚು ಬಿಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ವೃಷಣಗಳು ಉಳಿಯುತ್ತವೆ. ಅಲ್ಲಿಂದ ಮುಂದೆ ಪ್ರತಿ ಗಂಟೆಗೂ ಆಸೆ ಕಡಿಮೆಯಾಗುತ್ತದೆ. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ.

ಕಲ್ಯಾಣದುರ್ಗದ ಆಚೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಕಡಲೆಕಾಯಿ ಕೀಳುವ ಕಾಲ. ಬೆಳಗಿನ ಜಾವ 4 ಗಂಟೆಗೆ 14 ವರ್ಷದ ಹುಡುಗನಿಗೆ ನೋವು ಶುರುವಾಯಿತು. ನಾಚಿಕೊಂಡು 6ರವರೆಗೆ ಸುಮ್ಮನಿದ್ದ. ಆಮೇಲೆ ಹೊಟ್ಟೆನೋವು ಎಂದ. ಅಮ್ಮ ಓಮದ ಕಷಾಯ ಕೊಟ್ಟರು, ಅಜ್ಜಿ ಉಷ್ಣವಿರಬೇಕೆಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು. 8 ಗಂಟೆಗೆ ಊರಿನ ಆರ್.ಎಂ.ಪಿ. ಬಂದು ನೋವಿನ ಸೂಜಿ ಹಾಕಿದರು. ನೋವು ಸ್ವಲ್ಪ ತಗ್ಗಿತು, ಎಲ್ಲರೂ ಹೊಲಕ್ಕೆ ಹೋದರು. 11ಕ್ಕೆ ನೋವು ಮತ್ತೆ ಬಂತು. ಬಸ್ಸು ಹಿಡಿದು ಪಟ್ಟಣ ಸೇರುವಾಗ ಮಧ್ಯಾಹ್ನ 1 ಗಂಟೆ. ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಅನಂತಪುರಕ್ಕೆ ಕಳಿಸಿದರು. ಶಸ್ತ್ರಚಿಕಿತ್ಸೆಯ ಮೇಜಿಗೆ ಹುಡುಗ ಹೋಗುವಾಗ ಸಂಜೆಯಾಗಿತ್ತು.

ಇದರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಆದರೆ ಹುಡುಗ 4 ಗಂಟೆಗೇ ಬಾಯಿಬಿಟ್ಟಿದ್ದರೆ, ಅಮ್ಮ 4:30ಕ್ಕೆ 108ಕ್ಕೆ ಫೋನ್ ಮಾಡಿಸಿದ್ದರೆ, 8 ಗಂಟೆಯೊಳಗೆ ಅವನು ಶಸ್ತ್ರಚಿಕಿತ್ಸಕರ ಮುಂದಿರುತ್ತಿದ್ದ. ವೃಷಣ ಉಳಿಯುತ್ತಿತ್ತು.

ಹೊರಡುವಾಗ ನೆನಪಿಡಬೇಕಾದದ್ದು

ನೋವು ಶುರುವಾದ ಹೊತ್ತನ್ನು ನೆನಪಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಹುಡುಗನಿಗೆ ಊಟ, ಕಾಫಿ, ಎಳನೀರು ಏನನ್ನೂ ಕೊಡಬೇಡಿ. ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ಉಪ್ಪಿನ ಗಂಟಿನಿಂದ ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು, ಬಟ್ಟೆ ಬಿಗಿಯಾಗಿ ಕಟ್ಟುವುದು ಬೇಡ. ನೋವಿನ ಸೂಜಿ ಹಾಕಿಸಿದ ಮೇಲೆ ನೋವು ತಗ್ಗಿತೆಂದು ಪ್ರಯಾಣ ನಿಲ್ಲಿಸಬೇಡಿ. ನೋವು ಮುಚ್ಚಿದೆ, ತಿರುಚು ಬಿಚ್ಚಿಲ್ಲ.

ಹಿಂದೂಪುರದ ಕಡೆಯವರಿಗೆ ಹಿಂದೂಪುರದ ಸರ್ಕಾರಿ ಆಸ್ಪತ್ರೆ ಹತ್ತಿರ. ಅಲ್ಲಿಂದ ಬೆಂಗಳೂರು ಸುಮಾರು 100 ಕಿ.ಮೀ., ಅನಂತಪುರವೂ ಹೆಚ್ಚುಕಡಿಮೆ ಅಷ್ಟೇ ದೂರ. ಕಲ್ಯಾಣದುರ್ಗದ ಕಡೆಯವರಿಗೆ ಪಟ್ಟಣದ ಸರ್ಕಾರಿ ಆಸ್ಪತ್ರೆ ಇದೆ. 1969ರಲ್ಲಿ ಅನಂತಪುರಕ್ಕೆ ಬಂದು ನೆಲೆಸಿದ ವಿನ್ಸೆಂಟ್ ಫೆರರ್ ಅವರ ಆರ್.ಡಿ.ಟಿ. ಸಂಸ್ಥೆ ಕಲ್ಯಾಣದುರ್ಗದಲ್ಲಿಯೂ ಬತ್ತಲಪಲ್ಲಿಯಲ್ಲಿಯೂ ಆಸ್ಪತ್ರೆ ಕಟ್ಟಿಸಿದೆ. ಅನಂತಪುರದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ದೊಡ್ಡಾಸ್ಪತ್ರೆ ಇದೆ. ಹೊರಡುವ ಮುಂಚೆಯೋ ದಾರಿಯಲ್ಲಿಯೋ ಫೋನ್ ಮಾಡಿ, “ಈಗ ಶಸ್ತ್ರಚಿಕಿತ್ಸೆಯ ಡಾಕ್ಟರು ಇದ್ದಾರೆಯೇ?” ಎಂದು ಕೇಳಿ. ಇಲ್ಲವೆಂದರೆ ಅಲ್ಲಿ ಕಾಯದೆ ಇರುವ ಕಡೆಗೆ ಹೋಗಿ. ಆರೋಗ್ಯಶ್ರೀ ಎಂದು ನಾವೆಲ್ಲ ಕರೆಯುವ ಯೋಜನೆಯ ಕಾರ್ಡು ಕೈಗೆ ಸಿಕ್ಕರೆ ತೆಗೆದುಕೊಳ್ಳಿ. ಅದನ್ನು ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ. ಕಾರ್ಡನ್ನು ಆಮೇಲೆ ಯಾರಾದರೂ ತಂದುಕೊಡಬಹುದು.

ವೈದ್ಯರ ಹತ್ತಿರ ತೆಲುಗಿನಲ್ಲಿ ಮಾತನಾಡಬೇಕಾದಾಗ ನಮ್ಮ ಕನ್ನಡದ ಮನೆಗಳ ಹುಡುಗರು ಮಾತು ಸಿಗದೆ ತಡವರಿಸುತ್ತಾರೆ. ವೃಷಣ ಎಂಬ ಮಾತು ಎರಡು ಭಾಷೆಗೂ ಒಂದೇ. ಅದನ್ನೇ ಹೇಳಿದರೆ ಸಾಕು.

ವೈದ್ಯರು ಕೈಯಿಂದ ಪರೀಕ್ಷಿಸುತ್ತಾರೆ. ಬೇಕಾದರೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಗೆ ಕಾಯದೆ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವುದೂ ಉಂಟು. ಚೀಲದ ಮೇಲೆ ಚಿಕ್ಕದಾಗಿ ಕೊಯ್ದು, ಹುರಿಯ ತಿರುಚು ಬಿಡಿಸಿ, ವೃಷಣ ಮತ್ತೆ ತಿರುಗದಂತೆ ಹೊಲಿಗೆ ಹಾಕುತ್ತಾರೆ. ಇನ್ನೊಂದು ಕಡೆಗೂ ಹೊಲಿಗೆ ಹಾಕುತ್ತಾರೆ, ಏಕೆಂದರೆ ಅಲ್ಲಿಯೂ ಅದೇ ಸಡಿಲು ಇರುವುದು ಸಾಮಾನ್ಯ. “ಚೆನ್ನಾಗಿರುವುದನ್ನು ಏಕೆ ಮುಟ್ಟಿದಿರಿ?” ಎಂದು ವೈದ್ಯರ ಮೇಲೆ ಕೋಪಿಸಿಕೊಳ್ಳಬೇಡಿ.

ಇನ್ನೊಂದು ಮಾತು. ಕೆಲವು ಹುಡುಗರಲ್ಲಿ ಹುರಿ ತಿರುಚಿ, ತಾನೇ ಬಿಚ್ಚಿಕೊಳ್ಳುತ್ತದೆ. ಭಾರಿ ನೋವು ಬಂದು ಅರ್ಧ ಗಂಟೆಯಲ್ಲಿ ಮಾಯವಾಗುತ್ತದೆ. ಮುಂದೊಂದು ದಿನ ಅದು ಬಿಚ್ಚಿಕೊಳ್ಳದೆ ಹೋಗಬಹುದು. ಹಾಗೆ ಬಂದು ಹೋದ ನೋವನ್ನೂ ವೈದ್ಯರಿಗೆ ತೋರಿಸಬೇಕು.

ನಿಧಾನವಾಗಿ ಏರುವ ನೋವು: ಸೋಂಕು

ಹರೆಯ ದಾಟಿದ ಗಂಡಸರಲ್ಲಿ ಹೆಚ್ಚಾಗಿ ಬರುವುದು ಹಿಂಬದಿಯ ನಾಳದ ಸೋಂಕು. ನೋವು ಒಂದೆರಡು ದಿನದಲ್ಲಿ ಮೆಲ್ಲಗೆ ಏರುತ್ತದೆ. ಜ್ವರ, ಉರಿಮೂತ್ರ, ಊತ ಇರಬಹುದು. ವಯಸ್ಸಾದವರಲ್ಲಿ ಇದು ಮೂತ್ರದ ಸೋಂಕಿನಿಂದ, ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರ ತಡೆಯುವುದರಿಂದ ಬರುತ್ತದೆ. ಯುವಕರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಾಣುಗಳಿಂದಲೂ ಬರಬಹುದು. ಅಂಥ ಸಂದರ್ಭದಲ್ಲಿ ವೈದ್ಯರಿಂದ ಮುಚ್ಚಿಡಬಾರದು. ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬೇಕು, ಇಲ್ಲದಿದ್ದರೆ ರೋಗ ಮತ್ತೆ ಮತ್ತೆ ಬರುತ್ತದೆ. ಔಷಧಿ ಅಂಗಡಿಯಲ್ಲಿ ಎರಡು ದಿನದ ಮಾತ್ರೆ ತೆಗೆದುಕೊಂಡು ನಿಲ್ಲಿಸಿದರೆ ಸೋಂಕು ಕೀವಾಗಿ ಕೂರುತ್ತದೆ. ತಿಂಗಳುಗಟ್ಟಲೆ ಇರುವ, ಹೆಚ್ಚು ನೋವಿಲ್ಲದ ಗಟ್ಟಿ ಊತವಾದರೆ ಕ್ಷಯವೂ ಇರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಮಂಗನಬಾವು ಬಂದ ಹುಡುಗರಲ್ಲಿಯೂ ಗಂಡಸರಲ್ಲಿಯೂ ಕೆನ್ನೆ ಊದಿದ ಸುಮಾರು ಒಂದು ವಾರದಲ್ಲಿ ವೃಷಣ ಊದಿ ನೋಯುವುದುಂಟು. ಮೀಸೆ ಬರುವ ವಯಸ್ಸಿಗಿಂತ ಚಿಕ್ಕ ಮಕ್ಕಳಲ್ಲಿ ಇದು ಅಪರೂಪ. ವಿಶ್ರಾಂತಿ, ತಣ್ಣನೆಯ ಬಟ್ಟೆ, ಚೀಲಕ್ಕೆ ಕೆಳಗಿನಿಂದ ಆಸರೆ, ವೈದ್ಯರು ಕೊಟ್ಟ ಮಾತ್ರೆ ಸಾಕಾಗುತ್ತದೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಬೇಡ. ಸಾಮಾನ್ಯವಾಗಿ ಒಂದೇ ಕಡೆ ಬರುವುದರಿಂದ ಪೂರ್ತಿ ಬಂಜೆತನ ಬಹಳ ವಿರಳ.

ಕುರಿ ಮೇಕೆ ಸಾಕುವವರಿಗೆ: ಕಂದು ರೋಗ

ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ ಕಡೆ ಮಳೆ ಕೈಕೊಟ್ಟ ವರ್ಷ ಮನೆ ಉಳಿಸುವುದು ಕುರಿ ಮೇಕೆ. ಅವುಗಳಿಂದಲೇ ಬರುವ ಒಂದು ಸೋಂಕು ಗಂಡಸರ ವೃಷಣಕ್ಕೂ ತಗಲುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಕುರಿ, ಮೇಕೆ, ಹಸು, ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕುವುದು ಈ ರೋಗದ ಮುಖ್ಯ ಗುರುತು.

ಈ ರೋಗಾಣುವನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಕಂಡುಹಿಡಿದರು. ಅಲ್ಲಿನ ಬ್ರಿಟಿಷ್ ಸೈನಿಕರು ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಅದು ಎಲ್ಲಿಂದ ಬರುತ್ತದೆಂದು 1905ರವರೆಗೂ ತಿಳಿಯಲಿಲ್ಲ. ಆ ವರ್ಷ ಮಾಲ್ಟಾದವರೇ ಆದ ಥೆಮಿಸ್ಟೊಕ್ಲೀಸ್ ಝಮ್ಮಿಟ್ ಎಂಬ ವೈದ್ಯರು ನೋಡಲು ಆರೋಗ್ಯವಾಗಿದ್ದ ಮೇಕೆಗಳ ಮೈಯಲ್ಲೇ ರೋಗಾಣು ಇರುವುದನ್ನು ತೋರಿಸಿದರು. 1906ರಲ್ಲಿ ಸೈನಿಕರಿಗೆ ಮೇಕೆಯ ಹಸಿ ಹಾಲು ನಿಲ್ಲಿಸಿದಾಗ ಅವರಲ್ಲಿ ಜ್ವರವೂ ಬಹುಪಾಲು ನಿಂತಿತು.

ಮನುಷ್ಯರಿಗೆ ಇದು ಬರುವುದು ಎರಡು ದಾರಿಯಲ್ಲಿ. ಒಂದು, ಕಾಯಿಸದ ಹಾಲು. ಇನ್ನೊಂದು, ಈಯುವ ಕುರಿಗೆ ಬರಿಗೈಯಲ್ಲಿ ಸಹಾಯ ಮಾಡುವುದು, ಕಂದು ಹಾಕಿದ ಮರಿಯನ್ನೂ ಸತ್ತೆಯನ್ನೂ ಕೈಯಿಂದ ಎತ್ತಿಹಾಕುವುದು. ಕೈಯಲ್ಲಿ ಚಿಕ್ಕ ಗೀರಿದ್ದರೂ ಸಾಕು. ಕೆಲವು ವಾರಗಳ ನಂತರ ಸಂಜೆ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ಸುಸ್ತು ಶುರುವಾಗುತ್ತದೆ. ಕೆಲವು ಗಂಡಸರಲ್ಲಿ ಒಂದು ಕಡೆಯ ವೃಷಣ ಊದಿ ನೋಯುತ್ತದೆ. ಮಲೇರಿಯಾ, ಟೈಫಾಯ್ಡ್ ಎಂದು ಔಷಧಿ ಮಾಡಿ ತಿಂಗಳು ಕಳೆಯುವುದುಂಟು. ಆದ್ದರಿಂದ ವೈದ್ಯರ ಹತ್ತಿರ ಹೋದಾಗ “ನಮ್ಮಲ್ಲಿ ಕುರಿ ಇದೆ, ಈಚೆಗೆ ಒಂದೆರಡು ಕಂದು ಹಾಕಿದವು” ಎಂದು ನೀವಾಗಿಯೇ ಹೇಳಿ. ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಚಿಕಿತ್ಸೆ ಕಡಿಮೆಯೆಂದರೂ 6 ವಾರ, ಒಂದಕ್ಕಿಂತ ಹೆಚ್ಚು ಔಷಧಿ ಸೇರಿಸಿ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ.

ತಡೆಯುವುದು ಕಷ್ಟವಲ್ಲ. ಹಾಲನ್ನು ಉಕ್ಕುವಂತೆ ಕಾಯಿಸಿ ಕುಡಿಯಿರಿ. ಕುರಿ ಕಾಯಲು ಹೋದವರು ಕೆಚ್ಚಲಿನಿಂದ ಹಿಂಡಿ ಹಾಗೆಯೇ ಕುಡಿಯುವ ಅಭ್ಯಾಸ ಬಿಡಬೇಕು. ಈಯುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕಂದು ಹಾಕಿದ ಮರಿಯನ್ನೂ ಸತ್ತೆಯನ್ನೂ ನಾಯಿಗೆ ಹಾಕದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಒಂದೇ ಹಿಂಡಿನಲ್ಲಿ ಎರಡು ಮೂರು ಕಂದು ಬಿದ್ದರೆ ಪಶುವೈದ್ಯರಿಗೆ ತಿಳಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಹಸುವಿನದಾಗಲಿ ಎಮ್ಮೆಯದಾಗಲಿ, ಜೀವನದಲ್ಲಿ ಒಂದೇ ಸಲ ಈ ರೋಗದ ಲಸಿಕೆ ಹಾಕುತ್ತಾರೆ. ನಿಮ್ಮ ಕರುವಿನ ವಯಸ್ಸು ದಾಟಿಹೋಗದಂತೆ ನೋಡಿಕೊಳ್ಳಿ.

ಬೇರೆ ಕಾರಣಗಳು

ಪೆಟ್ಟು: ಎತ್ತಿನ ಒದೆ, ಟಗರಿನ ಗುದ್ದು, ಸೈಕಲ್ಲಿನ ಕಂಬಿ. ಸಾಮಾನ್ಯವಾಗಿ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಒಂದು ಗಂಟೆಯಾದರೂ ಇಳಿಯದಿದ್ದರೆ, ಚೀಲ ಊದಿದರೆ ಅಥವಾ ನೀಲಿಗಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು.

ಹರ್ನಿಯಾ: ಕಡಲೆಕಾಯಿ ಮೂಟೆ ಹೊರುವವರಲ್ಲಿ ತೊಡೆಯ ಸಂದಿನಿಂದ ಕರುಳು ಚೀಲಕ್ಕೆ ಜಾರುತ್ತದೆ. ಮಲಗಿದರೆ ಒಳಗೆ ಹೋಗುವವರೆಗೆ ಅವಸರವಿಲ್ಲ, ದಿನ ನಿಗದಿ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಉಬ್ಬು ಗಟ್ಟಿಯಾಗಿ ಒಳಹೋಗದೆ, ನೋವು ವಾಂತಿ ಬಂದರೆ ಕರುಳು ಸಿಕ್ಕಿಕೊಂಡಿದೆ. ಅದು ಪ್ರಾಣಕ್ಕೇ ಅಪಾಯ.

ಮೂತ್ರಪಿಂಡದ ಕಲ್ಲು: ನಮ್ಮ ಒಣಸೀಮೆಯಲ್ಲಿ ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಬರುವ ತೊಂದರೆ. ನೋವು ಬೆನ್ನಿನ ಪಕ್ಕದಲ್ಲಿ ಹುಟ್ಟಿ ವೃಷಣದವರೆಗೆ ಇಳಿಯುತ್ತದೆ. ವೃಷಣ ಮುಟ್ಟಿದರೆ ಮಾತ್ರ ನೋಯುವುದಿಲ್ಲ, ಊದಿರುವುದಿಲ್ಲ.

ಊದಿದ ರಕ್ತನಾಳಗಳು: ಹೆಚ್ಚಾಗಿ ಎಡಗಡೆ, ಸಂಜೆಯ ಹೊತ್ತಿಗೆ ಎಳೆದಂಥ ಭಾರ. ನಿಂತಾಗ ಎರೆಹುಳುಗಳ ಗಂಟಿನಂತೆ ಕೈಗೆ ಸಿಗುತ್ತದೆ. ಅವಸರವಿಲ್ಲ, ತೋರಿಸಿಕೊಳ್ಳಿ.

ಸಕ್ಕರೆ ಕಾಯಿಲೆಯವರಲ್ಲಿ: ಚೀಲದ ಚರ್ಮ ನೋಯುತ್ತಾ ಕಪ್ಪಾದರೆ, ವಾಸನೆ ಮತ್ತು ಜ್ವರ ಬಂದರೆ ಅದು ವೇಗವಾಗಿ ಹರಡುವ ಕೊಳೆತ. ಒಂದು ರಾತ್ರಿಯೂ ಕಾಯಬಾರದು.

ನೋವಿಲ್ಲದ ಗಂಟು: ನೋವಿಲ್ಲವೆಂದು ಸುಮ್ಮನಿರಬಾರದು. ವೃಷಣದ ಕ್ಯಾನ್ಸರ್ ಬಹಳ ಸಾಮಾನ್ಯವಲ್ಲ, ಆದರೆ ಬರುವುದು ಹೆಚ್ಚಾಗಿ ಯುವಕರಿಗೆ, ಸಾಮಾನ್ಯವಾಗಿ ನೋವಿಲ್ಲದೆ. ಬೇಗ ತಿಳಿದರೆ ಬಹುಪಾಲು ಪೂರ್ತಿ ಗುಣವಾಗುತ್ತದೆ. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ನಂತರ ಎರಡನ್ನೂ ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. ಗಂಡು ಮಗು ಹುಟ್ಟಿ 6 ತಿಂಗಳಾದರೂ ಚೀಲದಲ್ಲಿ ಎರಡೂ ವೃಷಣ ಸಿಗದಿದ್ದರೆ ವೈದ್ಯರಿಗೆ ತೋರಿಸಿ. ಒಂದು, ಒಂದೂವರೆ ವರ್ಷದೊಳಗೆ ಸರಿಪಡಿಸಿದರೆ ಮುಂದಿನ ತೊಂದರೆ ಕಡಿಮೆ.

ಯಾವಾಗ ಹೋಗಬೇಕು?

ಈ ಗಂಟೆಯೇ: ಹಠಾತ್ ಭಾರಿ ನೋವು, ನೋವಿನ ಜೊತೆ ವಾಂತಿ, ಪೆಟ್ಟಿನ ನಂತರ ಇಳಿಯದ ನೋವು, ಒಳಹೋಗದ ಹರ್ನಿಯಾ, ಸಕ್ಕರೆ ಕಾಯಿಲೆಯವರಲ್ಲಿ ಚರ್ಮ ಕಪ್ಪಾಗುವುದು, ಎಳೆಮಗುವಿನ ಚೀಲ ಗಟ್ಟಿಯಾಗಿ ಊದುವುದು.

ಇವತ್ತು ಅಥವಾ ನಾಳೆ: ನಿಧಾನವಾಗಿ ಏರುವ ನೋವು, ಜ್ವರ, ಉರಿಮೂತ್ರ, ಮಂಗನಬಾವಿನ ನಂತರದ ಊತ. ಆದರೆ 25ರೊಳಗಿನ ಯುವಕನಾಗಿದ್ದು ಸ್ವಲ್ಪವಾದರೂ ಅನುಮಾನವಿದ್ದರೆ ಈ ಗಂಟೆಯೇ.

ಈ ವಾರ: ನೋವಿಲ್ಲದ ಗಂಟು, ಭಾರ, ಗಾತ್ರದಲ್ಲಿ ವ್ಯತ್ಯಾಸ, ಬಂದು ಹೋದ ನೋವು.

ಕೇಳುವ ಪ್ರಶ್ನೆಗಳು

ಒಂದು ವೃಷಣ ತೆಗೆದರೆ ಮದುವೆಗೆ ಅಡ್ಡಿಯೇ? ಇಲ್ಲ. ಇನ್ನೊಂದು ಆರೋಗ್ಯವಾಗಿದ್ದರೆ ಗಂಡಸುತನಕ್ಕೂ ಮಕ್ಕಳಾಗುವುದಕ್ಕೂ ಅದೇ ಸಾಕು. ಇದನ್ನು ಊರಲ್ಲಿ ಸಾರಿ, ಹುಡುಗನನ್ನು ಕುಗ್ಗಿಸಬೇಡಿ.

ಇದು ಉಷ್ಣದಿಂದ ಬರುವುದೇ? ಅಲ್ಲ. ಮಜ್ಜಿಗೆ, ಎಳನೀರು ಮೈಗೆ ಒಳ್ಳೆಯದು, ಆದರೆ ಅವು ಹುರಿಯ ತಿರುಚನ್ನು ಬಿಡಿಸುವುದಿಲ್ಲ.

ಹುಡುಗ ಏನಾದರೂ ತಪ್ಪು ಮಾಡಿದ್ದರಿಂದ ಹುರಿ ತಿರುಚಿತೇ? ಖಂಡಿತ ಇಲ್ಲ. ಹುಟ್ಟಿನಿಂದ ಬಂದ ಸಡಿಲಿಗೆ ಅವನು ಕಾರಣನಲ್ಲ. ಈ ಅನುಮಾನದ ಭಯದಿಂದಲೇ ಎಷ್ಟೋ ಹುಡುಗರು ಬಾಯಿ ಬಿಡುವುದಿಲ್ಲ.

ಕೊನೆಯದಾಗಿ, ಈ ವಾರ ಒಂದು ಸಂಜೆ, ಊಟವಾದ ಮೇಲೆ, ಮನೆಯ ಗಂಡುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತಂದೆಯಾದವರು ಇಷ್ಟು ಹೇಳಿ: “ಕೆಳಗೆ ಜೋರಾಗಿ ನೋವು ಬಂದರೆ, ನಡುರಾತ್ರಿಯಾದರೂ ನನ್ನನ್ನು ಎಬ್ಬಿಸು. ನಾನು ಬೈಯುವುದಿಲ್ಲ.” ಈ ಮಾತು ಹುಡುಗನ ನೆನಪಿನಲ್ಲಿದ್ದರೆ, ನೋವು ಬಂದ ದಿನ ಅವನು ಸುಮ್ಮನೆ ಮಲಗಿರುವುದಿಲ್ಲ.